ಬಯಸದೆ ಬಂದ ಹೊಣೆಯ ನಡುವೆ ದೈವವನ್ನು ನಂಬುವ ಬಗೆ

ತಂದೆಗೋ ತಾಯಿಗೋ ಪಾರ್ಶ್ವವಾಯು ಬಡಿದು, ದೂರದೂರಿನಲ್ಲಿ ದುಡಿಯುತ್ತಿದ್ದ ಮಕ್ಕಳು ಎಲ್ಲವನ್ನೂ ಬಿಟ್ಟು ಮನೆಗೆ ಮರಳಬೇಕಾಗಿ ಬಂದಾಗ, ನೋಡಲು ಬಂದವರೆಲ್ಲ ‘ದೇವರಿದ್ದಾನೆ ಬಿಡಿ’ ಎಂದು ಹೇಳಿ ಹೋಗುತ್ತಾರೆ. ಆ ನಂಬಿಕೆಯನ್ನು ನಿತ್ಯದ ದಣಿವಿನ ನಡುವೆ ಉಳಿಸಿಕೊಳ್ಳುವುದು ಹೇಗೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

‘ನನಗೇ ಏಕೆ’ ಎಂಬುದಕ್ಕೆ ಉತ್ತರ ಸಿಕ್ಕ ಮೇಲೆಯೇ ನಂಬುತ್ತೇನೆಂದು ಕಾಯಬೇಡಿ. ‘ತಲ್ಲಣಿಸದಿರು ಕಂಡ್ಯ’ ಕೀರ್ತನೆಯಲ್ಲಿ ಕನಕದಾಸರು ಬೆಟ್ಟದ ತುದಿಯ ಮರವನ್ನು ತೋರಿಸುವಾಗ, ಅದು ಅಲ್ಲೇಕೆ ಹುಟ್ಟಿತೆಂದು ಕೇಳುವುದಿಲ್ಲ. ಅದಕ್ಕೆ ಕಟ್ಟೆ ಕಟ್ಟಿ ನೀರೆರೆದವರು ಯಾರೆಂದು ಕೇಳುತ್ತಾರೆ. ನೀವೂ ಹಾಗೆಯೇ ಕೇಳಿಕೊಳ್ಳಿ. ನಡುರಾತ್ರಿ ಆಟೋ ಕರೆತಂದ ಪಕ್ಕದ ಮನೆಯವರು, ಹೇಳದೆಯೇ ಗಂಜಿ ಮಾಡಿ ಕಳುಹಿಸಿದ ಚಿಕ್ಕಮ್ಮ, ಲೆಕ್ಕ ಬರೆದುಕೊಂಡು ಔಷಧಿ ಕೊಟ್ಟ ಅಂಗಡಿಯವರು, ಇಂಥವರ ಹೆಸರನ್ನು ಅಂದಂದೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೆಟ್ಟ ದಿನಗಳಲ್ಲಿ ಇದು ನೆನಪಿಗೆ ಬರುವುದಿಲ್ಲವಾದ್ದರಿಂದ ಬರೆದಿಡುವುದೇ ಲೇಸು.

ದೈವದ ಪಾಲನ್ನು ನಿಮ್ಮ ಪಾಲಿನೊಂದಿಗೆ ಬೆರೆಸಬೇಡಿ. ಗೀತೆಯ 18ನೇ ಅಧ್ಯಾಯದ 14ನೇ ಶ್ಲೋಕವು ಕಾರ್ಯಸಿದ್ಧಿಗೆ ಐದು ಕಾರಣಗಳನ್ನು ಎಣಿಸುತ್ತದೆ: ಅಧಿಷ್ಠಾನ (ಕೆಲಸಕ್ಕೆ ನೆಲೆಯಾದ ದೇಹ), ಕರ್ತೃ (ಮಾಡುವವನು), ಸಾಧನಗಳು, ಬಗೆಬಗೆಯ ಪ್ರಯತ್ನ, ಕೊನೆಗೆ ದೈವ. ಮೊದಲ ನಾಲ್ಕನ್ನು ಬಿಟ್ಟು ಐದನೆಯದಕ್ಕೆ ಕೈಮುಗಿದು ಕೂರುವುದನ್ನು ಶರಣಾಗತಿ ಎನ್ನಲು ನನಗೆ ಮನಸ್ಸಿಲ್ಲ. ಹಾಸಿಗೆ ಹಿಡಿದವರನ್ನು ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಬೆನ್ನಿನ ಕೆಳಭಾಗ, ಸೊಂಟ, ಹಿಮ್ಮಡಿಗಳಲ್ಲಿ ಹುಣ್ಣಾಗುತ್ತದೆ; ಹೊರಳಿಸುವಾಗ ಬಲಗುಂದಿದ ತೋಳನ್ನು ಹಿಡಿದೆಳೆಯದೆ, ಹೆಗಲಿಗೂ ಸೊಂಟಕ್ಕೂ ಕೈಕೊಟ್ಟು ಮೆಲ್ಲಗೆ ತಿರುಗಿಸಬೇಕು. ಇದು ನಿಮ್ಮ ಪಾಲು, ಫಿಸಿಯೋಥೆರಪಿಯೂ ನಿಮ್ಮ ಪಾಲೇ. ಕೈ ಎಂದು ಮೇಲೇಳುತ್ತದೆ, ಮಾತು ಮರಳುತ್ತದೆಯೇ ಎಂಬುದು ನಿಮ್ಮದಲ್ಲ. ರಾತ್ರಿ ದೀಪವಾರಿಸುವ ಮುನ್ನ ಆದ ಕೆಲಸವನ್ನೂ ಆಗದೆ ಉಳಿದುದನ್ನೂ ಸೇರಿಸಿ ‘ಕೃಷ್ಣಾರ್ಪಣ’ ಎಂದು ಬಿಟ್ಟುಬಿಡಿ.

ಸಿಟ್ಟು ಬಂದರೆ ದೇವರಿಗೇ ಹೇಳಿ. ಹರಿದಾಸರು ನಿಂದಾಸ್ತುತಿಗಳಲ್ಲಿ, ಎಂದರೆ ಬೈಯುತ್ತಲೇ ಹೊಗಳುವ ಹಾಡುಗಳಲ್ಲಿ, ಹರಿಯನ್ನು ಸಲುಗೆಯಿಂದಲೇ ಬೈದಿದ್ದಾರೆ. ಜಗಳವಾಡಲಿಕ್ಕೂ ಎದುರಿಗೊಬ್ಬನಿದ್ದಾನೆಂಬ ನಂಬಿಕೆ ಬೇಕಷ್ಟೆ. ‘ಪೂರ್ವಜನ್ಮದ ಕರ್ಮ’ ಎಂದು ರೋಗಿಯ ಕಿವಿಗೆ ಬೀಳುವಂತೆ ತೀರ್ಪು ಕೊಡುವ ನೆಂಟರನ್ನು ಮಾತ್ರ ಕಾಫಿ ಕೊಟ್ಟು ಪಡಸಾಲೆಯಲ್ಲೇ ಕೂರಿಸಿ ಕಳುಹಿಸುವುದು ಒಳ್ಳೆಯದು.

ಹೊಣೆಯನ್ನು ದೇವರು ವಹಿಸಿದನೆಂದರೆ ನಿಮ್ಮೊಬ್ಬರಿಗೇ ವಹಿಸಿದನೆಂದಲ್ಲ. ಒಡಹುಟ್ಟಿದವರನ್ನು ಕೇಳಿ; ಕೇಳುವಾಗ ‘ಬಿಡುವಾದಾಗ ಬಾ’ ಎನ್ನದೆ, ತಿಂಗಳ ಎರಡನೇ ಶನಿವಾರ ಬೆಳಿಗ್ಗೆಯಿಂದ ಭಾನುವಾರ ರಾತ್ರಿಯವರೆಗೆ ಎಂದು ದಿನ, ಹೊತ್ತು ಗೊತ್ತುಮಾಡಿಯೇ ಕೇಳಿ.