ಮನೆಯ ಫೋಟೊಗಳನ್ನೆಲ್ಲ ಒಂದೆಡೆ ಸೇರಿಸಿದ ಬಗೆ

ಶಿರಸಿಯ ಮನೆಯಲ್ಲಿ ಅಪ್ಪಯ್ಯನ ಡೆಸ್ಕ್‌ಟಾಪು, ನನ್ನ ಲ್ಯಾಪ್‌ಟಾಪು, ಬೆಂಗಳೂರಲ್ಲಿ ತಂಗಿಯ ಲ್ಯಾಪ್‌ಟಾಪು. ಫೋಟೊಗಳು ಮೂರರಲ್ಲೂ ಚೆದುರಿಹೋಗಿದ್ದವು. ಗೂಗಲ್ ಫೋಟೊಸ್‌ಗೆ ಏರಿಸೋಣವೆಂದರೆ 2021ರ ಜೂನ್‌ನಿಂದ ಅಲ್ಲಿ ಪುಕ್ಕಟೆ ಜಾಗ 15 ಜಿಬಿಗೆ ಮುಗಿಯುತ್ತದೆ, ಅದರಲ್ಲೂ ಜಿಮೇಲ್‌ಗೆ ಪಾಲು. ಮಳೆಗಾಲದ ನಮ್ಮೂರ ನೆಟ್ಟನ್ನು ನಂಬುವ ಧೈರ್ಯವೂ ಇರಲಿಲ್ಲ.

ಮೊದಲು ಎಲ್ಲವನ್ನೂ ಇದ್ದ ಹಾಗೇ ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿ, ಕೆಲಸವನ್ನೆಲ್ಲ ಆ ಕಾಪಿಯ ಮೇಲೇ ಮಾಡಿದೆ. ನಕಲುಗಳನ್ನು ಹಿಡಿಯಲು ಚ್ಕಾವ್ಕಾ ಎಂಬ ಉಚಿತ ತಂತ್ರಾಂಶ ಸಾಕಾಯಿತು. ಫೈಲಿನ ಹೆಸರು ಬೇರೆಯಿದ್ದರೂ ಹ್ಯಾಶ್ (ಫೈಲಿನ ಒಳಗಿರುವುದನ್ನು ಲೆಕ್ಕಹಾಕಿ ತೆಗೆದ ಬೆರಳಚ್ಚಿನಂಥ ಗುರುತು) ತಾಳೆಯಾದರೆ ಅದು ಗುರುತಿಸುತ್ತದೆ. ವಾಟ್ಸಾಪಿನಲ್ಲಿ ಕುಗ್ಗಿ ಬಂದ ಪ್ರತಿಗೆ ಮಾತ್ರ ಹ್ಯಾಶ್ ಬೇರೆ. ಅದಕ್ಕೆ ‘ಹೋಲುವ ಚಿತ್ರ’ಗಳ ಹುಡುಕಾಟ ಬೇಕು. ಆ ಪಟ್ಟಿಯನ್ನು ಕಣ್ಣಾರೆ ನೋಡದೆ ಅಳಿಸಬೇಡಿ. ಸಾಲಾಗಿ ತೆಗೆದ ಫೋಟೊಗಳೂ ಅದರಲ್ಲಿ ಬರುತ್ತವೆ.

ನಿಜವಾದ ಕೆಲಸ ತಾರೀಖಿನದು. ಕ್ಯಾಮೆರಾ ಪ್ರತಿ ಫೋಟೊದೊಳಗೂ ತೆಗೆದ ಹೊತ್ತನ್ನು ಬರೆದಿಡುತ್ತದೆ. ಎಕ್ಸಿಫ್‌ಟೂಲ್ ಎಂಬ ತಂತ್ರಾಂಶ ಅದನ್ನು ಓದಿ ವರ್ಷ, ತಿಂಗಳಿನ ಫೋಲ್ಡರುಗಳಿಗೆ ತಾನೇ ಹಂಚುತ್ತದೆ. ವಾಟ್ಸಾಪಿನ ಚಿತ್ರಗಳಲ್ಲಿ ಆ ಮಾಹಿತಿ ಅಳಿಸಿಹೋಗಿರುತ್ತದೆ, ಆದರೆ ಫೈಲಿನ ಹೆಸರಲ್ಲೇ ಬಂದ ದಿನ ಇರುತ್ತದೆ. ಹಳೆಯ ಆಲ್ಬಮ್ಮಿನ ಸ್ಕ್ಯಾನುಗಳಿಗೆ ಇದಾವುದೂ ಇಲ್ಲ. ಅಲ್ಲಿ ಆಯಿಯ (ಅಮ್ಮನ) ನೆನಪೇ ಗತಿ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಆಗುವುದು ಜಾತ್ರೆಯ ಫೋಟೊಗಳ ವರ್ಷ ಹಿಡಿಯಲು ಉಪಕಾರಕ್ಕೆ ಬಂತು. “ತಂಗಿ ಇನ್ನೂ ಹುಟ್ಟಿದ್ದಿಲ್ಲೆ” ಎಂದು ಆಯಿ ಹೇಳಿದರೆ ಒಂದು ಜಾತ್ರೆ ಬಿಟ್ಟು ಹಿಂದಿನದಕ್ಕೆ ಹೋದರಾಯಿತು. ತಿಂಗಳು ತಿಳಿಯದವಕ್ಕೆ ವರ್ಷವನ್ನಷ್ಟೇ ಕೊಟ್ಟೆ.

ಮೂರೂ ಕಂಪ್ಯೂಟರುಗಳನ್ನು ಜೋಡಿಸಿದ್ದು, ಒಂದರ ಫೋಲ್ಡರನ್ನು ಉಳಿದವುಗಳಲ್ಲೂ ಹಾಗೇ ಇಡುವ ತಂತ್ರಾಂಶ ಸಿಂಕ್‌ಥಿಂಗ್. ನಡುವೆ ಯಾರ ಕ್ಲೌಡೂ ಇಲ್ಲ, ಯಂತ್ರದಿಂದ ಯಂತ್ರಕ್ಕೆ ಗೂಢಲಿಪಿಯಲ್ಲಿ ಹೋಗುತ್ತದೆ. ಕರೆಂಟು ಹೋದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಕೊಡುವವರು, ಪಡೆಯುವವರು ಒಂದೇ ಹೊತ್ತಿಗೆ ಆನ್ ಇರಬೇಕು, ಅಷ್ಟೆ. ಆದರೆ ತಂಗಿ ಒಂದು ಫೋಟೊ ಅಳಿಸಿದರೆ ಇಲ್ಲಿಯೂ ಅಳಿಯುತ್ತದೆ. ಆದ್ದರಿಂದ ಡೆಸ್ಕ್‌ಟಾಪಿನಲ್ಲಿ ಫೈಲ್ ವರ್ಷನಿಂಗ್ ಆನ್ ಮಾಡಿದೆ. ಬೇರೆ ಕಡೆ ಅಳಿಸಿದ್ದರ ಪ್ರತಿ ಇಲ್ಲಿ ಪಕ್ಕದ ಫೋಲ್ಡರಿಗೆ ಸರಿಯುತ್ತದೆ.

ಇಷ್ಟಾದರೂ ಹೀಗೆ ಎಲ್ಲೆಡೆ ಒಂದೇ ಥರ ಇಡುವ ಸಿಂಕ್ ಬೇರೆ, ಪ್ರತ್ಯೇಕ ಪ್ರತಿ ಕಾದಿಡುವ ಬ್ಯಾಕಪ್ ಬೇರೆ. ಹಾಗಾಗಿ ಇನ್ನೊಂದು ಡಿಸ್ಕು ಕುಮಟೆಯ ಅಕ್ಕನ ಮನೆಯಲ್ಲಿದೆ. ಹಬ್ಬಕ್ಕೆ ಬರುವಾಗ ತರುತ್ತಾಳೆ, ಹೊಸತನ್ನು ಸೇರಿಸಿ ಕಳಿಸುತ್ತೇನೆ. ಆ ಡಿಸ್ಕನ್ನು ಎಕ್ಸ್‌ಫ್ಯಾಟ್‌ಗೆ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಒಂದು ಬಗೆ) ಫಾರ್ಮ್ಯಾಟ್ ಮಾಡಿಕೊಳ್ಳಿ. ಅದಕ್ಕೂ ಹಳೆಯ ಬಗೆಯಾದ ಫ್ಯಾಟ್32ರಲ್ಲಿ 4 ಜಿಬಿ ದಾಟಿದ ಮದುವೆ ವೀಡಿಯೊ ಹಿಡಿಸುವುದಿಲ್ಲ.