ಅರ್ಧ ವರ್ಷ ಜಯನಗರ, ಅರ್ಧ ವರ್ಷ ನ್ಯೂಜೆರ್ಸಿ: ನನ್ನ ಸಿಮ್ ಪುರಾಣ

ಮಗಳ ಬಾಣಂತನಕ್ಕೆ ಅಂತ ಮೊದಲ ಸಲ ನ್ಯೂಜೆರ್ಸಿಗೆ ಹೊರಟಾಗ ಚಟ್ನಿಪುಡಿ, ಸಾರಿನಪುಡಿ, ಅಂಟಿನುಂಡೆ ಎಲ್ಲ ತೂಕ ನೋಡಿ ನೋಡಿ ಸೂಟ್‌ಕೇಸಿಗೆ ತುಂಬಿದ್ದೆ. ಫೋನಿನ ಬಗ್ಗೆ ಮಾತ್ರ ಯೋಚನೆಯೇ ಮಾಡಲಿಲ್ಲ. 84 ದಿನದ ರೀಚಾರ್ಜ್ ಇದೆಯಲ್ಲ, ಸಾಕು ಅಂದುಕೊಂಡೆ. ಹೋಗಿದ್ದು ಆರು ತಿಂಗಳಿಗೆ!

ಮೂರು ತಿಂಗಳು ಕಳೆದ ಮೇಲೆ ಒಂದು ರಾತ್ರಿ, ಮಗು ಮಲಗಿದೆ ಅಂತ ಬೆಂಗಳೂರಿನ ಮನೆ ಕಂದಾಯ ಕಟ್ಟಲು ಕೂತೆ. ಕಾರ್ಡ್ ನಂಬರ್ ಹಾಕಿದೆ. ಓಟಿಪಿ ಇಲ್ಲ. ಮತ್ತೆ ಒತ್ತಿದೆ, ಇಲ್ಲ. ವ್ಯಾಲಿಡಿಟಿ ಮುಗಿದು ಮೆಸೇಜ್ ಬರುವುದೂ ನಿಂತುಹೋಗಿತ್ತು. ಸರಿ, ರೀಚಾರ್ಜ್ ಮಾಡೋಣ ಅಂದರೆ ಅದಕ್ಕೂ ಕಾರ್ಡು ಬೇಕು, ಕಾರ್ಡಿಗೆ ಓಟಿಪಿ ಬೇಕು, ಆ ಓಟಿಪಿ ಬರಬೇಕಾದದ್ದು ಇದೇ ಸತ್ತ ನಂಬರಿಗೆ. ಬೀರುವಿಗೆ ಬೀಗ ಜಡಿದು ಬೀಗದಕೈ ಒಳಗೇ ಬಿಟ್ಟ ಹಾಗಾಯಿತು. ಕೊನೆಗೆ ಜಯನಗರದ ಪಕ್ಕದ ಮನೆ ಹುಡುಗನಿಗೆ ವಾಟ್ಸಾಪ್ ಮಾಡಿದೆ. "ಅಯ್ಯೋ ಆಂಟಿ, ನಂಬರ್ ಗೊತ್ತಿದ್ರೆ ಯಾರು ಬೇಕಾದ್ರೂ ಹಾಕಿಸಬಹುದು" ಅಂತ ತನ್ನ ಯುಪಿಐನಿಂದ ಎರಡು ನಿಮಿಷದಲ್ಲಿ ಹಾಕಿಸಿದ.

ಆವತ್ತು ನನಗೆ ಅರ್ಥವಾಯಿತು. ಮಾತಿಗೆ ಹೇಗೂ ವಾಟ್ಸಾಪ್ ಇದೆ. ಬೆಂಗಳೂರಿನ ನಂಬರು ನನಗೆ ಬೇಕಿರುವುದು ಓಟಿಪಿಗೆ. ಬ್ಯಾಂಕು, ಆಧಾರ್, ಇನ್‌ಕಮ್ ಟ್ಯಾಕ್ಸ್, ಎಲ್ಲ ಆ ಹತ್ತು ಅಂಕಿಗೇ ಜೋತುಬಿದ್ದಿವೆ. ಹಾಗಿದ್ದ ಮೇಲೆ ಅದಕ್ಕೆ ದಿನಕ್ಕೆ 2 ಜಿಬಿ ಡೇಟಾ ಯಾಕೆ? ಇಲ್ಲಿಯ ಪ್ಲಾನಿನ ಡೇಟಾ ಅಲ್ಲಿ ನಡೆಯುವುದೂ ಇಲ್ಲ. 2024ರ ಡಿಸೆಂಬರಿನಲ್ಲಿ, ಫೋನ್ ಕಂಪನಿಗಳಿಗೆ ನಿಯಮ ಹಾಕುವ ಸರ್ಕಾರಿ ಸಂಸ್ಥೆ ಟ್ರಾಯ್, ಬರೀ ಕಾಲ್ ಮತ್ತು ಎಸ್ಸೆಮ್ಮೆಸ್ ಇರುವ ಪ್ಲಾನನ್ನೂ ಕೊಡಬೇಕು ಅಂತ ಕಂಪನಿಗಳಿಗೆ ಹೇಳಿತು. ಮುಂದಿನ ತಿಂಗಳೇ ಅಂಥವು ಬಂದವು. ನಾನು ಹಾಕಿಸಿದ್ದು 365 ದಿನದ್ದು, ಆಗ 1,849 ರೂಪಾಯಿ. ಅಂಗಡಿಯವನು ಮೊದಲು ತೋರಿಸಿದ್ದು ಡೇಟಾ ಪ್ಲಾನುಗಳನ್ನೇ, ಕೇಳಿದ ಮೇಲೆ ಕೆಳಗೆಲ್ಲೋ ಇದ್ದದ್ದು ಸಿಕ್ಕಿತು.

ಬ್ಯಾಲೆನ್ಸ್‌ನಲ್ಲಿ 20 ರೂಪಾಯಿ ಇದ್ದರೆ ನಂಬರು ಉಳಿಯುತ್ತೆ ಅಂತ ಫ್ಯಾಮಿಲಿ ಗ್ರೂಪಿನಲ್ಲಿ ಆಗಾಗ ಬರುತ್ತಲ್ವಾ? 90 ದಿನ ಬಳಸದೆ ಇದ್ದರೂ ನಂಬರು ರದ್ದಾಗದ ಹಾಗೆ ಅದು ಕಾಪಾಡುತ್ತೆ, ನಿಜ. ಆದರೆ ಪ್ಲಾನ್ ಮುಗಿದ ಮೇಲೂ ಓಟಿಪಿ ಬರುತ್ತೆ ಅಂತ ಅದರ ಅರ್ಥ ಅಲ್ಲ.

ಹೊರಡುವ ಮೊದಲೇ ಬೆಂಗಳೂರಿನ ಸಿಮ್ಮಿಗೆ ಇಂಟರ್‌ನ್ಯಾಷನಲ್ ರೋಮಿಂಗ್, ಅಂದರೆ ಹೊರದೇಶದಲ್ಲೂ ಸಿಮ್ ನಡೆಯುವ ಸೌಲಭ್ಯ, ಆನ್ ಮಾಡಿಸುತ್ತೇನೆ, ಆ ಸಿಮ್ಮಿನ ಡೇಟಾ ರೋಮಿಂಗ್ ಮಾತ್ರ ಕಡ್ಡಾಯವಾಗಿ ಆಫ್. ನನ್ನ ಸಿಮ್ಮಿಗೆ ಅಲ್ಲಿ ಎಸ್ಸೆಮ್ಮೆಸ್ ಬಂದರೆ ದುಡ್ಡಿಲ್ಲ, ಕಾಲ್ ಎತ್ತಿದರೆ ನಿಮಿಷದ ಲೆಕ್ಕ. ಇಲ್ಲಿ ಬೆಳಗ್ಗೆ ಹತ್ತೂವರೆ ಅಂದರೆ ಬೇಸಿಗೆಯಲ್ಲಿ ಅಲ್ಲಿ ರಾತ್ರಿ ಒಂದು ಗಂಟೆ. ಮನೆಯಲ್ಲಿ ಏನಾಯಿತೋ ಅಂತ ಗಾಬರಿಯಿಂದ ಎತ್ತಿದರೆ "ಮೇಡಂ, ಕ್ರೆಡಿಟ್ ಕಾರ್ಡ್ ಬೇಕಾ?" ನಿದ್ದೆಯೂ ಹೋಯಿತು, ದುಡ್ಡೂ ಹೋಯಿತು.

ಎರಡನೇ ಸಲಕ್ಕೆ ಮಗಳು ಅಮೆರಿಕದ ಐಫೋನ್ ತಂದುಕೊಟ್ಟಳು. ಸಿಮ್ ಹಾಕೋಣ ಅಂತ ಪಿನ್ ಹಿಡಿದು ನಾಲ್ಕೂ ಕಡೆ ತಿರುಗಿಸಿದೆ, ತೂತೇ ಇಲ್ಲ! 2022ರ ಐಫೋನ್ 14ರಿಂದ ಅಲ್ಲಿ ಮಾರುವ ಐಫೋನುಗಳಲ್ಲಿ ಸಿಮ್ ಟ್ರೇ ಇಲ್ಲ, ಬರೀ ಇ-ಸಿಮ್, ಅಂದರೆ ಕಾರ್ಡಿಲ್ಲದೆ ಫೋನಿನೊಳಗೇ ಕೂರುವ ಸಿಮ್. ಫೋರ್ತ್ ಬ್ಲಾಕಿನ ಅಂಗಡಿಗೆ ಹೋಗಿ ನನ್ನ ಸಿಮ್ಮನ್ನೂ ಇ-ಸಿಮ್ ಮಾಡಿಸಿದೆ. ಬದಲಾಯಿಸಿದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬರಲಿಲ್ಲ. ಯಾರೋ ನಮ್ಮ ಹೆಸರಲ್ಲಿ ಸಿಮ್ ತೆಗೆದು ದುಡ್ಡು ಹೊಡೆಯಬಾರದು ಅಂತ ಇಟ್ಟಿರುವ ನಿಯಮ ಅದು, ಒಳ್ಳೆಯದೇ. ಆದರೆ ಫ್ಲೈಟಿನ ಹಿಂದಿನ ದಿನ ಈ ಕೆಲಸ ಇಟ್ಟುಕೊಳ್ಳಬೇಡಿ. ನಾನು ಹತ್ತು ದಿನ ಮೊದಲೇ ಮಾಡಿಸಿದ್ದೆ.

ಅಮೆರಿಕದ ನಂಬರಿಗೆ "ನಮ್ಮ ಫ್ಯಾಮಿಲಿ ಪ್ಲಾನಿಗೇ ಸೇರ್ಕೊಂಬಿಡಮ್ಮ" ಅಂದಳು ಮಗಳು. ನಾನು ಒಪ್ಪಲಿಲ್ಲ. ನಾನು ಜಯನಗರದಲ್ಲಿ ಕೂತಿರುವ ಆರು ತಿಂಗಳೂ ಅಳಿಯನಿಗೆ ಬಿಲ್ಲು ಬರುತ್ತಲ್ಲ. ತಿಂಗಳಿಗೆ 15 ಡಾಲರಿನ ಪ್ರೀಪೇಯ್ಡ್ ತೆಗೆದುಕೊಂಡೆ. ದಿನವಿಡೀ ಮನೆಯ ವೈಫೈ, ಹೊರಗೆ ಅಂದರೆ ವಾಕಿಂಗು, ಬ್ರಿಡ್ಜ್‌ವಾಟರ್ ದೇವಸ್ಥಾನ, ಎಡಿಸನ್ನಿನಲ್ಲಿ ತರಕಾರಿ. 5 ಜಿಬಿಯಲ್ಲಿ ಅರ್ಧ ಉಳಿಯುತ್ತಿತ್ತು. ಮೂರು ತಿಂಗಳದ್ದು ಒಟ್ಟಿಗೆ ತಗೊಂಡರೆ ಅಗ್ಗ ಅಂತ ಆಸೆ ತೋರಿಸುತ್ತಾರೆ. ನಾನು ಮೊದಲು ಒಂದು ತಿಂಗಳದ್ದೇ ಹಾಕಿಸಿ ಮಗಳ ಮನೆಯಲ್ಲಿ ಸಿಗ್ನಲ್ ಬರುತ್ತಾ ನೋಡಿದೆ. ಮೊದಲನೇ ಕಂಪನಿಯದು ಅಡುಗೆಮನೆಯಲ್ಲಿ ಒಂದು ಕಡ್ಡಿಯೂ ಬರಲಿಲ್ಲ, ಬೇರೆಯದಕ್ಕೆ ಬದಲಾಯಿಸಿದೆ.

ವಾಪಸ್ ಬರುವಾಗ ಆ ನಂಬರನ್ನು ಸುಮ್ನೆ ಬಿಟ್ಟುಬಿಡುತ್ತೇನೆ. ಮುಂದಿನ ಸಲ ಹೊಸದು ಸಿಗುತ್ತೆ. ಅದಕ್ಕೇ ಅಲ್ಲಿ ಔಷಧಿ ಅಂಗಡಿ, ಡಾಕ್ಟರು, ಯಾರೇ ಕೇಳಿದರೂ ನನ್ನ ನಂಬರ್ ಕೊಡುವುದಿಲ್ಲ, ಮಗಳದ್ದೇ ಕೊಡುತ್ತೇನೆ.