ಬೈತಖೋಲ ದಕ್ಕೆಯಲ್ಲಿ ಜೋಂಬಿ ಸಿನೆಮಾ

ಕೈಯಲ್ಲಿ ಕಾಸಿಲ್ಲದವರು ಕಾರವಾರದಲ್ಲಿ ಜೋಂಬಿ, ಅಂದರೆ ಎದ್ದು ನಡೆಯುವ ಹೆಣಗಳ, ಸಿನೆಮಾ ತೆಗೆಯಲು ಜೂನ್-ಜುಲೈ ಒಳ್ಳೆಯ ಕಾಲ. ಯಾಂತ್ರಿಕ ಮೀನುಗಾರಿಕೆಗೆ ಆಗ 61 ದಿನ ನಿಷೇಧ. ಬೋಟುಗಳೆಲ್ಲ ಬೈತಖೋಲ ಬಂದರಿನಲ್ಲಿ ನಿಂತಿರುತ್ತವೆ, ದಕ್ಕೆಯಲ್ಲಿ ಗದ್ದಲವಿಲ್ಲ, ದುಡಿಯುವವರಿಗೂ ಬಿಡುವು. ಮಳೆಯದೊಂದೇ ಕಾಟ. ಹಾಗಾಗಿ ನಮ್ಮ ಕಿರುಚಿತ್ರದ ಹೆಚ್ಚಿನ ಭಾಗವನ್ನು ಬಲೆ ಇಡುವ ಶೆಡ್ಡಿನೊಳಗೇ ತೆಗೆದೆವು.

ಹೆಣಗಳ ಗುಂಪಿಗೆ ಜನ ಸಿಗುತ್ತಾರೆ. ಹೆಸರು, ಮಾತು ಇರುವ ಪಾತ್ರ ಯಾರಿಗೆ ಹೋಗುತ್ತದೆ ಎಂಬುದೇ ನನ್ನನ್ನು ಕಾಡುತ್ತಿತ್ತು. ಆಫ್ರಿಕಾ ಮೂಲದ ಸಿದ್ದಿಗಳನ್ನು ನಮ್ಮ ಸಿನೆಮಾದವರು ಕರೆಯುವುದು ಹೆಚ್ಚಾಗಿ ಖಳನ ಹಿಂದೆ ನಿಲ್ಲಿಸಲಿಕ್ಕೆ. ನೀನಾಸಮ್ ರಂಗಶಾಲೆಯಲ್ಲಿ ಕಲಿತ ಪ್ರಶಾಂತ್ ಸಿದ್ದಿ, ಗಿರಿಜಾ ಸಿದ್ದಿಯಂಥ ನಟರು ಕಣ್ಣೆದುರಿದ್ದರೂ ಆ ಚಾಳಿ ಹೋಗಿಲ್ಲ. ಮುಖ್ಯ ಪಾತ್ರಕ್ಕೆ ಯಲ್ಲಾಪುರ ಕಡೆಯ ಸಿದ್ದಿ ಹುಡುಗಿಯೊಬ್ಬಳನ್ನು ಕೇಳಿದೆ. ಅವಳು ಕಥೆ ಏನೆಂದು ವಿಚಾರಿಸಲೇ ಇಲ್ಲ. "ಅಣ್ಣಾ, ನಾ ಕಡೀ ತನಕ ಬದುಕಿರ್ತೇನಾ?" ಎಂದಳು.

1968ರ ಅಮೆರಿಕದ ಜೋಂಬಿ ಚಿತ್ರ 'ನೈಟ್ ಆಫ್ ದಿ ಲಿವಿಂಗ್ ಡೆಡ್' ನೆನಪಾಯಿತು. ಸುಮಾರು 1,14,000 ಡಾಲರಿನಲ್ಲಿ ಮುಗಿದ ಆ ಚಿತ್ರಕ್ಕೆ ನಿರ್ದೇಶಕ ಜಾರ್ಜ್ ರೊಮೆರೊ ನಾಯಕನಾಗಿ ಆರಿಸಿದ್ದು ಕಪ್ಪು ನಟ ಡ್ವೇನ್ ಜೋನ್ಸ್ ಅವರನ್ನು. ರಾತ್ರಿಯಿಡೀ ಹೆಣಗಳಿಂದ ತಪ್ಪಿಸಿಕೊಂಡ ನಾಯಕನನ್ನು ಬೆಳಿಗ್ಗೆ ಬಂದೂಕು ಹಿಡಿದು ಬಂದವರು ಹೆಣವೆಂದೇ ಬಗೆದು ಹೊಡೆದುಹಾಕುತ್ತಾರೆ. ಅಂದಿನ ಅಮೆರಿಕದಲ್ಲಿ ಆ ಅಂತ್ಯಕ್ಕೆ ಬಲವಾದ ಅರ್ಥವಿತ್ತು. ಇಲ್ಲಿ, ಹಾಗೆ ಕೇಳಿದ ಹುಡುಗಿಯನ್ನು ಸಾಯಿಸಲು ನನಗೆ ಮನಸ್ಸಾಗಲಿಲ್ಲ. ಬದುಕಿರ್ತೀಯ ಎಂದೆ, ಕಥೆಯನ್ನೂ ಹಾಗೇ ಬರೆದೆ.

ಇನ್ನು ಮೇಕಪ್ಪು. ಜೋಂಬಿಗೆ ಬಿಳಿಚಿದ ಬೂದು ಮುಖ ಎಂಬುದು ಬೆಳ್ಳಗಿನ ಚರ್ಮ ನೋಡಿ ಮಾಡಿದ ಲೆಕ್ಕ. ಅದೇ ಬಣ್ಣ ಕಪ್ಪು ಚರ್ಮದ ಮೇಲೆ ಸುಣ್ಣ ಬಳಿದಂತೆ ಕಾಣುತ್ತದೆ. ನಾವು ಕಣ್ಣಿನ ಸುತ್ತ, ಕೆನ್ನೆಯ ಗುಳಿಯಲ್ಲಿ ಗಾಢ ನೇರಳೆ, ಅದರಂಚಿಗೆ ಪಾಚಿ ಹಸಿರು, ತುಟಿಗೆ ಮಾತ್ರ ಬೂದು ಹಚ್ಚಿದೆವು. ರಕ್ತಕ್ಕೆ ಶಿರಸಿಯ ಜೋನಿಬೆಲ್ಲ, ತಿನ್ನುವ ಕೆಂಪು ಬಣ್ಣ. ಬಾಯಿಗೆ ಹೋದರೂ ಭಯವಿಲ್ಲ, ಗಲ್ಲದಿಂದ ಮಂದವಾಗಿ ಇಳಿಯುತ್ತದೆ. ರೊಮೆರೊ ಅವರದು ಕಪ್ಪುಬಿಳುಪು ಚಿತ್ರವಾದ್ದರಿಂದ ಚಾಕೊಲೇಟ್ ಸಿರಪ್ಪಿನಲ್ಲೇ ಕೆಲಸ ನಡೆದಿತ್ತು. ಬೆಲ್ಲಕ್ಕೆ ಇರುವೆ ಮುತ್ತುತ್ತದೆ, ಶಾಟ್ ಮುಗಿದ ಕೂಡಲೇ ಒರೆಸಬೇಕು.

ಬೆಳಕಿಗೆ ಹೆಚ್ಚು ತಲೆಕೆಡಿಸಿಕೊಂಡೆವು. ನೆತ್ತಿಯ ಮೇಲಿನ ಎಲ್‌ಇಡಿಯಲ್ಲಿ ಕಪ್ಪು ಮುಖದ ಕಣ್ಣು, ಹಲ್ಲು ಬಿಟ್ಟರೆ ಏನೂ ಕಾಣದು. ಎಕ್ಸ್‌ಪೋಶರನ್ನು, ಅಂದರೆ ಕ್ಯಾಮೆರಾದೊಳಗೆ ಬಿಡುವ ಬೆಳಕನ್ನು, ಆ ಹುಡುಗಿಯ ಮುಖಕ್ಕೆ ಹೊಂದಿಸಿ, ದೀಪವನ್ನು ಪಕ್ಕದಲ್ಲಿ ಕಟ್ಟಿದ ಬಿಳಿ ಪಂಚೆಯ ಮೇಲೆ ಬಿಟ್ಟು, ಕೆನ್ನೆ, ಹಣೆಗೆ ತೆಂಗಿನೆಣ್ಣೆ ಸವರಿದೆವು. ಎಣ್ಣೆಯ ಹೊಳಪಿನಲ್ಲಿ ದವಡೆ, ಮೂಗು, ಹುಬ್ಬಿನ ಗಂಟು ಎಲ್ಲ ಮೂಡಿದವು. ಖರ್ಚು ಇಷ್ಟೇ. ದುಡ್ಡಿಲ್ಲ ಎಂದು ಇಂಥ ಮುಖಗಳನ್ನು ಕತ್ತಲಿಗೆ ಬಿಡುವವರ ಮಾತನ್ನು ನಾನು ಒಪ್ಪುವುದಿಲ್ಲ.

ಹೆಣ ಎಂದರೆ ಕಾಲೆಳೆಯಲೇಬೇಕು ಎಂಬ ರೂಢಿಯನ್ನೂ ಬಿಟ್ಟೆ. ಪೋಲಿಯೊದಿಂದ ಕಾಲು ಸೊರಗಿದ, ಬಲೆ ಹೆಣೆಯುವ ಹಿರಿಯರೊಬ್ಬರು ನಮ್ಮ ಜೊತೆಗಿದ್ದರು. ಅವರ ನಡಿಗೆಯನ್ನೇ ಹೆಣಗಳ ನಡಿಗೆ ಮಾಡಿ ಅವರೆದುರು ಹೇಗೆ ನಿಲ್ಲುವುದು? ನಮ್ಮ ಹೆಣಗಳು ನೆಟ್ಟಗೆ, ನಿಧಾನ ನಡೆಯುತ್ತವೆ, ತಲೆ ಮಾತ್ರ ಒಂದು ಬದಿಗೆ ವಾಲಿರುತ್ತದೆ. ಕಥೆಯಲ್ಲಿ ಶೆಡ್ಡಿನ ಬಾಗಿಲಿಗೆ ಬಲೆ ಬಿಗಿದು ಎಲ್ಲರನ್ನೂ ಕಾಯುವವರು ಆ ಹಿರಿಯರೇ. ಅವರ ಬೆರಳು ಗಂಟು ಹಾಕುವುದನ್ನು ಎಲ್ಲೂ ಕತ್ತರಿಸದೆ ಇಟ್ಟಿದ್ದೇನೆ.

ಸಂಭಾಷಣೆ ಬರೆದುಕೊಡಲಿಲ್ಲ, ಸನ್ನಿವೇಶ ಹೇಳಿದೆ. ಬಲೆ ಹೆಣೆಯುವ ಹಿರಿಯರು ಕೊಂಕಣಿಯಲ್ಲಿ, ಹುಡುಗಿ ತನ್ನ ಮನೆಮಾತಿನಲ್ಲಿ, ಅಂಕೋಲೆಯ ಹಾಲಕ್ಕಿ ಸಮುದಾಯದ ಅಜ್ಜಿ ಹಾಲಕ್ಕಿ ಕನ್ನಡದಲ್ಲಿ ಮಾತಾಡಿದರು. ಅಜ್ಜಿಯ ಕೊರಳಿನ ಮಣಿಸರಗಳ ಮೇಲೆಯೇ ಕ್ಯಾಮೆರಾ ನಿಲ್ಲುತ್ತಿತ್ತು. ಅಜ್ಜಿ ಹೆದರಿದ್ದಾರೆ, ಮುಖ ನೋಡು ಎಂದು ಕ್ಯಾಮೆರಾ ಹಿಡಿದ ಹುಡುಗನಿಗೆ ಹೇಳಬೇಕಾಯಿತು. ಭತ್ಯೆ ಎಲ್ಲರಿಗೂ ಒಂದೇ. ಹೆಣದ ಪಾತ್ರ ಮಾಡಿದವರ ಹೆಸರುಗಳೂ ಕೊನೆಯಲ್ಲಿ ಒಂದೊಂದಾಗಿ ಪರದೆಗೆ ಬರುತ್ತವೆ.